ಅರ್ಧ ಪರದೆಯ ಕುದುರೆ

ನಜೀರ್ ಸಾಹೇಬರು ಕಂಪ್ಯೂಟರ್ ಪರದೆಗೆ ಸ್ಕೇಲು ಹಿಡಿದು ಅಳೆದದ್ದೇ ಮನೋಹರನ ಗ್ರಹಚಾರಕ್ಕೆ ಮೂಲ.

ಚನ್ನಪಟ್ಟಣದಲ್ಲಿ ಸಾಹೇಬರದು ಬೊಂಬೆ ಕಾರ್ಖಾನೆ. ಅದರ ಮುಂದಿನ ಕೋಣೆಯಲ್ಲೇ ಮನೋಹರನ ಕಂಪ್ಯೂಟರ್ ಅಂಗಡಿ. ಬಾಡಿಗೆ ಕಟ್ಟಲಾಗದ ತಿಂಗಳು ಆತ ಸಾಹೇಬರಿಗೊಂದು ವೆಬ್‌ಸೈಟ್ ಮಾಡಿಕೊಟ್ಟ. ಮರದ ಕುದುರೆ ಐದೂವರೆ ಇಂಚು, ಪರದೆಯಲ್ಲೂ ಐದೂವರೆ. ಸಾಹೇಬರು ಹಿಗ್ಗಿ, ‘ಚಿತ್ರದಲ್ಲಿ ಕಂಡಷ್ಟೇ ಅಳತೆ’ ಎಂದು ಕೆಳಗೆ ಬರೆಸಿದರು. ತಾನು ಹಾಕಿರುವುದು ಇಂಚಲ್ಲ, ಪರದೆಯ ಶೇಕಡಾ ಐವತ್ತು ಅನ್ನುವುದು ಮನೋಹರನಿಗೆ ಗೊತ್ತಿತ್ತು. ಹೇಳಿದರೆ ಸಂಜೆವರೆಗೂ ವಿವರಿಸಬೇಕಾದೀತೆಂದು ಬಾಯಿ ಮುಚ್ಚಿಕೊಂಡಿದ್ದ.

ಇವತ್ತು ಬೆಳಿಗ್ಗೆ ಬೆಂಗಳೂರಿಂದ ಫೋನು ಬಂತು. ಊರ ತುಂಬಾ ಶಿಶುವಿಹಾರ ನಡೆಸುವ ಭಾನುಪ್ರಿಯ ಎಂಬಾಕೆ. ಮೀಟಿಂಗಿನಲ್ಲಿ ಆ ಪುಟವನ್ನು ಪ್ರೊಜೆಕ್ಟರಿನಿಂದ ಗೋಡೆಗೆ ಬಿಟ್ಟು ನೋಡಿದರಂತೆ. ಎರಡಡಿ ಕುದುರೆ ಎಲ್ಲರಿಗೂ ಹಿಡಿಸಿತಂತೆ. ಮಧ್ಯಾಹ್ನ ಆರ್ಡರ್ ಕೊಡಲು ಲ್ಯಾಪ್‌ಟಾಪ್ ಸಮೇತ ಬರುತ್ತಾರಂತೆ.

"ಎರಡಡಿ!" ಸಾಹೇಬರು ಕುದುರೆಯನ್ನು ಮನೋಹರನ ಮೂಗಿನ ಮುಂದೆ ಆಡಿಸಿದರು. "ಇದು ಎರಡಡಿನಾ? ನನ್ನ ಮೋಸಗಾರ ಅಂತಾರಪ್ಪಾ! ಅವರು ಬರೋದ್ರೊಳಗೆ ಯಾವ ಪರದೇಲಿ ನೋಡಿದ್ರೂ ಸರಿ ಅಳತೆ ಕಾಣ್ಬೇಕು. ಆರ್ಡರ್ ಹೋಯ್ತೋ, ನೀನು ಅಂಗ್ಡಿ ಖಾಲಿ ಮಾಡು. ಇಲ್ಲೊಂದು ಬೊಂಬೆ ಕಡೆಯೋ ಲೇತ್ ಹಾಕ್ಕೊಂತೀನಿ."

ಮನೋಹರ ಕಂಪ್ಯೂಟರ್ ಮುಂದೆ ಕೂತ. ಹೆಂಡತಿಯ ಬಳೆ ಅಡವಿಟ್ಟು ತೆರೆದ ಅಂಗಡಿ ಅದು. ಶೇಕಡಾ ಅಳಿಸಿ ಇಂಚು ಹಾಕಿದ. ಕಾಗದದಲ್ಲಿ ಪ್ರಿಂಟು ತೆಗೆದರೆ ಕುದುರೆ ಕರಾರುವಾಕ್ಕು! ಪಕ್ಕದ ಸೈಬರ್ ಸೆಂಟರಿಗೆ ಓಡಿ ನೋಡಿದರೆ, ಅಲ್ಲಿನ ಪರದೆಯಲ್ಲಿ ನಾಲ್ಕೂವರೆ ಇಂಚು.

ಅಷ್ಟರಲ್ಲಿ ಸುದ್ದಿ ಬೀದಿಯೆಲ್ಲ ಹಬ್ಬಿತ್ತು. ಎದುರಿನ ಟೈಲರ್ ಅಂಬುಜಮ್ಮ ಟೇಪು ಹಿಡಿದೇ ಬಂದರು. "ಬಟ್ಟೆಯಾದ್ರೆ ತೊಳುದ್ರೆ ಕುಗ್ತದೆ. ಇದ್ಯಾಕಪ್ಪಾ ಕುಗ್ತು?"

"ಪೇಪರ್ ಇಂಚೇ ಬೇರೆ, ಪರದೆ ಇಂಚೇ ಬೇರೆ ಅಂಬುಜಕ್ಕಾ," ಎಂದ ಮನೋಹರ ಅಳುವ ದನಿಯಲ್ಲಿ.

ರಿಟೈರಾದ ಸರ್ವೆಯರ್ ರಾಮಲಿಂಗಯ್ಯ ಕೆರಳಿದರು. "ಲೇ, ಸರ್ಕಾರದ ಇಂಚು ಒಂದೇ ಕಣ್ಲಾ! ಜಮೀನು ಯಾವ ಮೂಲೇಲಿ ನಿಂತು ಅಳುದ್ರೂ ಅಷ್ಟೇಯ. ನಿನ್ ಕುದ್ರೆ ಅಂಗ್ಡಿಗೊಂದು ಸೈಜ್ ಆಯ್ತದಲ್ಲಾ, ಒಸಿ ಸರಿಯಾಗಿ ಕಟ್ಟಾಕು!"

ಪರದೆಗೆ ಟೇಪು ಹಚ್ಚಿ ಅಂಬುಜಮ್ಮನೂ ರಾಮಲಿಂಗಯ್ಯನೂ ಜಗಳಕ್ಕೇ ಬಿದ್ದರು. ಹೊತ್ತು ಏರುತ್ತಿತ್ತು. ಮನೋಹರನ ಅಂಗಿ ಬೆನ್ನಿಗೆ ಅಂಟಿತ್ತು. ರಾಮಲಿಂಗಯ್ಯ ಬೀಡಿ ಹಚ್ಚಿ ಬೆಂಕಿಪೊಟ್ಟಣವನ್ನು ಕುದುರೆ ಪಕ್ಕ ಇಟ್ಟರು.

ಮನೋಹರ ಕುರ್ಚಿಯಿಂದ ಛಂಗನೆ ಎದ್ದ. ಬೆಂಕಿಪೊಟ್ಟಣದ ಗಾತ್ರ ಗೊತ್ತಿಲ್ಲದವರಾರು! ಪರದೆ ಎಷ್ಟೇ ಹಿಗ್ಗಲಿ, ಕುಗ್ಗಲಿ, ಪೊಟ್ಟಣ ನೋಡಿದರೆ ಕುದುರೆಯ ಅಳತೆ ತಿಳಿದೀತು. ಎರಡನ್ನೂ ಒಟ್ಟಿಗೆ ಫೋಟೋ ಹಿಡಿದು ವೆಬ್‌ಸೈಟಿಗೆ ಏರಿಸುವ ಹೊತ್ತಿಗೆ ಬಾಗಿಲಲ್ಲಿ ಕಾರು ನಿಂತಿತು.

ಭಾನುಪ್ರಿಯ ಲ್ಯಾಪ್‌ಟಾಪ್ ತೆರೆದರು. ಕುದುರೆ ಪಕ್ಕದ ಬೆಂಕಿಪೊಟ್ಟಣ ಕಂಡು ಹುಬ್ಬು ಮೇಲೇರಿತು. "ಅಯ್ಯೋ, ಇಷ್ಟು ಪುಟ್ಟದಾ? ಮಕ್ಳು ಮೇಲೆ ಕೂತ್ಕೊಳ್ಳೋ ಕುದುರೆ ಅಂದ್ಕೊಂಡಿದ್ವಿ."

ಸಾಹೇಬರು ಮನೋಹರನನ್ನು ನುಂಗುವಂತೆ ನೋಡಿದರು.

ಆಕೆ ಬೊಂಬೆಯನ್ನು ಕೈಗೆತ್ತಿಕೊಂಡು ಬಣ್ಣ ಸವರಿದರು. "ಕೆಲಸ ಚೆನ್ನಾಗಿದೆ. ಇದನ್ನೇ ಎರಡಡಿಗೆ ಮಾಡಿಕೊಡಕ್ಕಾಗತ್ತಾ? ನಮ್ಮ ಎಲ್ಲಾ ಸ್ಕೂಲಿಗೂ ಬೇಕು."

ಕಾರು ತಿರುಗುವುದೇ ತಡ, ಸಾಹೇಬರು ಮನೋಹರನನ್ನು ತಬ್ಬಿಕೊಂಡರು. "ನಿನ್ ತಪ್ಪೇ ನನ್ ನಸೀಬು ಕಣಪ್ಪಾ!" ಅಂಬುಜಮ್ಮನಿಗೆ, ರಾಮಲಿಂಗಯ್ಯನಿಗೆ ಜಿಲೇಬಿ ಬಂತು. ಮನೋಹರನಿಗೆ ಎರಡು ಪಾಲು. ಅಂಗಡಿ ಉಳಿಯಿತು, ಇನ್ನು ಬಳೆಯನ್ನೂ ಬಿಡಿಸಿಕೊಂಡು ಮನೆಗೆ ಒಯ್ಯಬಹುದೆಂದು ನೆನೆದು ಅವನ ಕಣ್ಣು ಒದ್ದೆಯಾಯಿತು.

ಸಾಹೇಬರು ಬಾಯಿ ಒರೆಸಿಕೊಂಡು ಅಂಬುಜಮ್ಮನ ಟೇಪು ಇಸಿದುಕೊಂಡರು. "ಮನೋಹರ್, ಒಸಿ ಈ ತುದಿ ಹಿಡ್ಕೋ."

ಅವನು ಹಿಡಿದ. ಸಾಹೇಬರು ಅಂಗಡಿಯ ಗೋಡೆಯಿಂದ ಗೋಡೆಗೆ ನಡೆದರು. ತಲೆದೂಗಿದರು.

"ಎರಡಡಿ ಕುದುರೆಗೆ ದೊಡ್ಡ ಲೇತೇ ಬೇಕು. ಒಳಗಡೆ ಜಾಗ ಸಾಲಲ್ಲ. ನಾಳೆ ಬೆಳಿಗ್ಗೆ ಖಾಲಿ ಮಾಡ್ಕೊಟ್ಬುಡಪ್ಪಾ."