ಡೆಲ್ಮರ್ ಪಾಲಿಸಿ ಬದಲಿಸಿದ ಪ್ರಸಂಗ

"ಇವತ್ತಿಂದ ಈ ಮನೇಲಿ ಇನ್ಶೂರೆನ್ಸ್ ಖಾತೆ ನಂದು!" ಎಂದು ಡೆಲ್ಮರ್ ಹೋಕ್‌ಸ್ಟ್ರಾ ಓಟ್ಸ್ ಗಂಜಿಯ ಬಟ್ಟಲಿನ ಮುಂದೆ ಎದ್ದು ನಿಂತು ಘೋಷಿಸಿದ. ಜೀವಮಾನವಿಡೀ ಶಾಲಾ ಬಸ್ಸುಗಳ ಎಂಜಿನ್ ಬಿಚ್ಚಿ ಜೋಡಿಸಿದ ಆಸಾಮಿ. ನಿವೃತ್ತನಾದ ಮೇಲೆ ಬಿಚ್ಚಲು ಏನೂ ಸಿಗದೆ ಅವನ ಕೈ ತುರಿಸುತ್ತಿತ್ತು. ಟೋಸ್ಟರ್ ಬಿಚ್ಚಿಯಾಗಿತ್ತು, ಅದು ಇವತ್ತಿಗೂ ಡಬ್ಬದಲ್ಲೇ ಇದೆ. ಈಗ ಪಾಲಿಸಿಯ ಸರದಿ.

ಆಸ್ಪತ್ರೆಯ ಬಿಲ್ಲಿಗೆ ಸರ್ಕಾರದ ಮೆಡಿಕೇರ್ ವಿಮೆ ತನ್ನ ಪಾಲು ಕೊಟ್ಟು ಕೈ ತೊಳೆದುಕೊಂಡ ಮೇಲೆ ಉಳಿಯುತ್ತದಲ್ಲ ಬಾಕಿ, ಅದನ್ನು ಕಟ್ಟಲು ಅಮೆರಿಕದ ಅಯೋವಾ ರಾಜ್ಯದ ಹಿರಿಯರು ಇನ್ನೊಂದು ಪೂರಕ ಪಾಲಿಸಿ ಇಟ್ಟುಕೊಳ್ಳುತ್ತಾರೆ. ಡೆಲ್ಮರ್‌ನ ಪಾಲಿಸಿಯ ಕಂತು ವರ್ಷವರ್ಷವೂ ಏರುತ್ತಿತ್ತು. ಅದೇ ಸವಲತ್ತಿನ ಪಾಲಿಸಿ ಬೇರೆ ಕಂಪನಿಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ತಿಳಿದದ್ದೇ ತಡ, ಅಮೆರಿಕದಲ್ಲೇ ಹುಟ್ಟಿ ಬೆಳೆದವನಿಗೆ ಅಮೆರಿಕವನ್ನು ತಾನೇ ಕಂಡುಹಿಡಿದಷ್ಟು ಹೆಮ್ಮೆಯಾಯಿತು!

ಹೆಂಡತಿ ಲೋರ್ನಾ ಕಾಫಿ ಬಗ್ಗಿಸುತ್ತ ಹೇಳಿದಳು: "ಹೊಸದು ಕೈಗೆ ಬರೋವರೆಗೂ ಹಳೇದನ್ನ ಬಿಡಬೇಡ. ಕಂಪನಿ ಬದಲಾಯಿಸಿದ್ರೆ ಅವರು ಫೋನ್ ಮಾಡಿ ಕಾಯಿಲೆ ಕಸಾಲೆ ಎಲ್ಲಾ ಕೇಳ್ತಾರೆ. ಇಷ್ಟ ಆಗದಿದ್ರೆ ಬೇಡ ಅಂತಾರೆ."

"ನನ್ನನ್ನ ಬೇಡ ಅನ್ನೋದಾ? ಗುಂಡುಕಲ್ಲಿನ ಹಾಗಿದೀನಿ ಕಣೇ!"

"ಗುಂಡುಕಲ್ಲಿಗೆ ಹೃದಯ ಇರಲ್ಲ, ನಿನಗಿದೆ. ಪಾಲಿಸಿ ಇಲ್ಲದಾಗ ಅದು ಕೈಕೊಟ್ರೆ ಈ ಮನೆ ಮಾರಬೇಕಾಗತ್ತೆ. ಹುಷಾರು."

ಅವಳು ಚರ್ಚಿನ ಹೆಂಗಸರ ಜೊತೆ ಕೌದಿ ಹೊಲಿಯಲು ಹೋದಳು. ಅವಳ ಕಾರು ಬೀದಿಯ ತಿರುವು ದಾಟಿತೋ ಇಲ್ಲವೋ, ನಮ್ಮ ಮಹಾವೀರ ಹೊಸ ಕಂಪನಿಗೆ ಅರ್ಜಿ ಹಾಕಿದ. ಅಷ್ಟಕ್ಕೇ ನಿಂತಿದ್ದರೆ ಅವನು ಡೆಲ್ಮರ್ ಹೇಗಾದಾನು? ಹಳೆ ಕಂಪನಿಗೂ ಫೋನ್ ಮಾಡಿ, "ಈ ತಿಂಗಳು ಮುಗಿದ ಮೇಲೆ ನಿಮ್ಮ ಸಹವಾಸ ಸಾಕು!" ಎಂದುಬಿಟ್ಟ.

ಗುರುವಾರ ಬಂತು. ಊರಿನ ಕೆಫೆಯ ಮೂಲೆ ಮೇಜಿನಲ್ಲಿ ಡೆಲ್ಮರ್, ವೆಂಡಲ್, ಹಾರ್ಲನ್ ಈ ಮೂವರು ಹಳೇ ಗೆಳೆಯರ ಸಭೆ ಸೇರುವ ದಿನ. ಆ ಮೇಜಿಗೊಂದು ಕಟ್ಟುಪಾಡಿತ್ತು. ವಾರದ ಅತಿ ಘೋರ ಕಾಯಿಲೆ ಯಾರದೋ ಅವರಿಗೆ ಚೆರಿ ಹಣ್ಣು ತುಂಬಿದ ಪೈ ಬಿಟ್ಟಿ, ಕಾಸು ಮಿಕ್ಕವರದು. ವರ್ಷವಿಡೀ ಆ ಪೈ ಹೊಡೆದವನು ಡೆಲ್ಮರ್. ಏಣಿ ಹತ್ತುವಾಗ ಏದುಸಿರು ಬಂದದ್ದು ಇವನ ಬಾಯಲ್ಲಿ "ಹೃದಯ ನಿಂತೇ ಹೋಗಿತ್ತು" ಎಂದಾಗುತ್ತಿತ್ತು. ಕಾಲು ಜೋಮು ಹಿಡಿದದ್ದು ಪಾರ್ಶ್ವವಾಯು ಆಗುತ್ತಿತ್ತು!

ಅವತ್ತು ವೆಂಡಲ್ ತನ್ನ ಪಿತ್ತಕೋಶದ ಕಲ್ಲಿನ ಕಥೆ ಮುಗಿಸಿ ಪೈ ತಟ್ಟೆಗೆ ಕೈ ಹಾಕುತ್ತಿದ್ದ. ಅಷ್ಟರಲ್ಲಿ ಡೆಲ್ಮರ್‌ನ ಫೋನ್ ಬಡಿದುಕೊಂಡಿತು. ಕಾಯಿಲೆ ಕಸಾಲೆ ಕೇಳುವ ಹೊಸ ಕಂಪನಿಯ ನರ್ಸಮ್ಮ! ಹೊರಗೆ ಹಿಮಗಾಳಿ, ಇವನಿಗೆ ಕಿವಿ ಮಂದ, ಕಿವಿಯ ಯಂತ್ರ ಹಾಕಿಕೊಳ್ಳಲು ಬಿಗುಮಾನ. ಕೂತಲ್ಲೇ ಸ್ಪೀಕರ್ ಒತ್ತಿದ.

"ಎದೆನೋವು ಏನಾದ್ರೂ ಬಂದಿತ್ತಾ, ಸರ್?"

"ಛೇ ಛೇ! ಒಂದು ದಿನವೂ ಇಲ್ಲ!"

"ಹಾಗಾದ್ರೆ ಪೈ ನಂದು!" ಎಂದು ವೆಂಡಲ್ ತಟ್ಟೆ ಎಳೆದುಕೊಂಡ.

ಹಾರ್ಲನ್ ಕರ್ಣನಂಥ ಗೆಳೆಯ. ಡೆಲ್ಮರ್ ಸೋಲುವುದನ್ನು ನೋಡಲಾರದೆ ಮೇಜು ಗುದ್ದಿದ. "ಬಿಟ್ಕೊಡಬೇಡ ಕಣೋ! ಹೋದ ವಾರ ಹೃದಯ ನಿಂತಿತ್ತು ಅಂದ್ಯಲ್ಲ, ಹೇಳೋ ಆಯಮ್ಮಂಗೆ!"

ಡೆಲ್ಮರ್ ಕಣ್ಣು ಮಿಟುಕಿಸಿದ, ಕೈ ಅಲ್ಲಾಡಿಸಿದ, ಮೇಜಿನಡಿ ಒದ್ದ. ಒದೆ ಬಿದ್ದದ್ದು ವೆಂಡಲ್‌ಗೆ.

"ಹೃದಯ ನಿಂತಿತ್ತಾ, ಸರ್?" ನರ್ಸಮ್ಮನ ದನಿ ಗಂಭೀರವಾಯಿತು.

ಈಗ ನೋಡಿ ಫಜೀತಿ! ಇಲ್ಲ ಎಂದರೆ ವರ್ಷವಿಡೀ ತಿಂದ ಪೈಗಳನ್ನೆಲ್ಲ ಕಕ್ಕಬೇಕು. ಹೌದು ಎಂದರೆ ಪಾಲಿಸಿ ನೆಗೆದುಬಿದ್ದು ಹೋಗುತ್ತದೆ. ಇಬ್ಬರು ಗೆಳೆಯರೂ ಬಾಯಿ ಬಿಟ್ಟುಕೊಂಡು ಇವನನ್ನೇ ನೋಡುತ್ತಿದ್ದರು. ಹಾಳು ಮರ್ಯಾದೆ ಗೆದ್ದಿತು.

"ನಿಂತಿತ್ತು, ಆದ್ರೆ ತಾನಾಗೇ ಸ್ಟಾರ್ಟ್ ಆಯ್ತು! ಅಷ್ಟು ಒಳ್ಳೆ ಎಂಜಿನ್ನು, ಮೇಡಂ!"

ಆ ಕಡೆ ಕೀಬೋರ್ಡಿನ ಟಕಟಕ ಸದ್ದು ನಿಂತಿತು. "ಕ್ಷಮಿಸಿ ಸರ್, ನಿಮ್ಮ ಅರ್ಜಿ ಮುಂದಕ್ಕೆ ಹೋಗೋ ಹಾಗಿಲ್ಲ. ದಯವಿಟ್ಟು ಬೇಗ ಡಾಕ್ಟರ್‌ಗೆ ತೋರಿಸ್ಕೊಳ್ಳಿ."

ಹಾರ್ಲನ್ ಜಯಘೋಷ ಮಾಡಿ ಪೈ ತಟ್ಟೆಯನ್ನು ಡೆಲ್ಮರ್‌ನ ಮುಂದೆ ತಳ್ಳಿದ. ಡೆಲ್ಮರ್ ಅದನ್ನು ವೆಂಡಲ್ ಕಡೆಗೇ ಸರಿಸಿದ. ಹೊಸ ಪಾಲಿಸಿ ಸಿಗಲಿಲ್ಲ, ಹಳೆಯದನ್ನು ಕೈಯಾರೆ ಬಿಟ್ಟಾಗಿದೆ. ನಾಳೆ ನಿಜಕ್ಕೂ ಎದೆ ಹಿಡಿದುಕೊಂಡರೆ ಲೋರ್ನಾಳ ಗತಿ? ಅವಳು ಬಣ್ಣ ಬಳಿದ ಅಡುಗೆಮನೆ, ಅವಳು ನೆಟ್ಟ ಲೈಲಾಕ್ ಹೂವಿನ ಪೊದೆ, ಎಲ್ಲ ಕಣ್ಣ ಮುಂದೆ ಬಂದು ಅವನಿಗೆ ಅಳುವೇ ಬಂದಂತಾಯಿತು.

ಮನೆಗೆ ಹೋದವನೇ ಬೂಟಿನ ಹಿಮವನ್ನೂ ಕೊಡವದೆ ಎಲ್ಲ ಒಪ್ಪಿಕೊಂಡ. ಲೋರ್ನಾ ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಸುಮ್ಮನೆ ಫೋನ್ ತಂದು ಅವನ ಮುಂದಿಟ್ಟಳು.

"ಹಳೆ ಕಂಪನಿಗೆ ಮಾಡು."

"ನೀನೇ ಮಾತಾಡೇ, ನಿನಗಾದ್ರೆ ಚೆನ್ನಾಗಿ ಬರತ್ತೆ."

"ಬಿಡ್ತೀನಿ ಅಂದವನು ನೀನು. ಬೇಡ್ಕೊಳ್ಳೋನೂ ನೀನೇ."

ಫೋನ್ ಎತ್ತಿದ ಹುಡುಗಿ ಏನೋ ನೋಡಿದಳು, ಇನ್ನೇನೋ ಒತ್ತಿದಳು. "ತಿಂಗಳು ಇನ್ನೂ ಮುಗಿದಿಲ್ಲ, ಸರ್. ಹಳೆ ಪಾಲಿಸೀನೇ ಮುಂದುವರಿಸಬಹುದು."

"ಕಾಯಿಲೆ ಗೀಯಿಲೆ ಕೇಳಲ್ವಾ, ತಾಯಿ?"

"ಇಲ್ಲ ಸರ್. ಮನಸ್ಸು ಬದಲಾಯಿಸಿದ ಕಾರಣ ಒಂದು ಹೇಳಿಬಿಡಿ. ಕಂಪ್ಯೂಟರ್‌ನಲ್ಲಿ ಹಾಕ್ಬೇಕು."

ಡೆಲ್ಮರ್ ತಲೆ ಎತ್ತಿದ. ಲೋರ್ನಾ ಕೈಕಟ್ಟಿ ಎದುರಿಗೇ ನಿಂತಿದ್ದಳು. ಸ್ಪೀಕರ್ ಬೇರೆ ಆನ್ ಆಗಿತ್ತು.

"ಕಾರಣ... ಹಳೇದನ್ನ ಬಿಡಬೇಡ ಅಂತ ನನ್ನ ಹೆಂಡ್ತಿ ಮೊದಲೇ ಹೇಳಿದ್ಲು. ನಾನು ಕೇಳಲಿಲ್ಲ. ಬರ್ಕೊಳಮ್ಮ."

"ಬರಿಯೋದೇನೂ ಬೇಡ ಸರ್," ಎಂದಳು ಹುಡುಗಿ, "ಆ ಕಾರಣಕ್ಕೆ ಅಂತಲೇ ಇಲ್ಲಿ ಒಂದು ಬಟನ್ ಇದೆ."