ಗರಿಯ ಗುರುತಿನ ಸಾಲ

ಹದ್ದಿನ ಗರಿಯ ಚಿತ್ರ ನೋಡಿ ಆರ್ಡಿತ್ ಸಾಲ ತೆಗೆದುಕೊಂಡಿದ್ದಳು. ಮೊಬೈಲಿನಲ್ಲಿ ಆ ಗರಿ, ಅದರ ಕೆಳಗೆ ‘ಬುಡಕಟ್ಟಿನವರದೇ ಸಂಸ್ಥೆ’ ಎಂಬ ಸಾಲು. ನಮ್ಮವರು ನಮ್ಮನ್ನು ಸುಲಿಯುತ್ತಾರೆಯೇ ಎಂದುಕೊಂಡು ಐನೂರು ಡಾಲರಿಗೆ ಬೆರಳೊತ್ತಿದಳು. ಮೊಮ್ಮಗಳು ಕೈಲಾಗೆ ಕುಲದ ಹೆಸರಿಡುವ ದಿನ ಬಂದವರಿಗೆಲ್ಲ ಕಂಬಳಿ ಹಂಚಬೇಕಿತ್ತು. ಅಮೆರಿಕದ ದಕೋಟಾ ಬಯಲಿನ ಆ ಮೂಲನಿವಾಸಿ ಕುಲದಲ್ಲಿ ಸನ್ಮಾನವಾದವರು ಉಡುಗೊರೆ ಪಡೆಯುವುದಿಲ್ಲ, ಕೊಡುತ್ತಾರೆ. ಮನೆಯಲ್ಲಿ ಏನೂ ಉಳಿಯದಷ್ಟು ಕೊಟ್ಟವರೇ ದೊಡ್ಡವರು.

ಕಂಬಳಿಗಳೇನೋ ಬಂದವು. ಆದರೆ ಹೆಸರಿಡುವ ದಿನವೇ ಬೆಳಿಗ್ಗೆ, ಊಟದ ಮಾಂಸಕ್ಕೆಂದು ಬ್ಯಾಂಕಿನಲ್ಲಿಟ್ಟಿದ್ದ ಹಣವನ್ನು ಗರಿಯ ಕಂಪನಿ ಕಂತಿನ ಲೆಕ್ಕದಲ್ಲಿ ಖಾತೆಯಿಂದಲೇ ಗುಬ್ಬಿ ಕಾಳು ಹೆಕ್ಕಿದಂತೆ ಹೆಕ್ಕಿಕೊಂಡು ಹೋಗಿತ್ತು.

“ಇಲ್ಲೀವರೆಗೆ ಎಷ್ಟು ಕಟ್ಟಿದೀಯೇ?” ಎಂದಳು ದೊಡ್ಡಪ್ಪನ ಮಗಳು ಬರ್ನಡೀನ್. ಯಾರ ಮನೆಯಲ್ಲಿ ಏನು ಕೆಟ್ಟರೂ ಮೊದಲು ಅವಳ ಪಿಕಪ್ ಬಂದು ನಿಲ್ಲುತ್ತಿತ್ತು.

“ಒಂಬೈನೂರು.”

“ಬಾಕಿ?”

“ಐನೂರು.”

“ತಗೊಂಡಿದ್ದೇ ಐನೂರಲ್ವೇನೇ!”

“ಕಟ್ಟಿದ್ದೆಲ್ಲ ಬಡ್ಡಿಗೇ ಹೋಯ್ತಂತೆ. ಅಸಲು ಹಾಗೇ ಕೂತಿದೆ, ನಮ್ಮ ಸೋಫಾ ಮೇಲೆ ನಿನ್ನ ತಮ್ಮ ಕೂತ ಹಾಗೆ.”

ಇಬ್ಬರೂ ಸ್ವಲ್ಪ ಹೊತ್ತು ಮೊಬೈಲನ್ನೇ ನೋಡಿದರು, ನೆರೆ ಬಂದ ನದಿಯನ್ನು ದಡದಲ್ಲಿ ನಿಂತು ನೋಡುವವರಂತೆ. ಎಷ್ಟು ಸುರಿದರೂ ತುಂಬದ, ಎಷ್ಟು ಮೊಗೆದರೂ ತಗ್ಗದ ಅಂಥದ್ದೊಂದನ್ನು ತಾನೇ ಬೆರಳೊತ್ತಿ ಕರೆದೆನಲ್ಲ ಎಂದು ಆರ್ಡಿತ್‌ಗೆ ಭಯದ ಜೊತೆ ಬೆರಗೂ ಆಯಿತು. ಮಧ್ಯಾಹ್ನಕ್ಕೆ ಊರೇ ಬರುವುದಿತ್ತು. ಸಾರಿನಲ್ಲಿ ಮಾಂಸವಿಲ್ಲದಿದ್ದರೆ ಕೈಲಾಳ ಹೊಸ ಹೆಸರನ್ನು ಜನ ಮರೆಯುತ್ತಾರೆ, ಆಲೂಗಡ್ಡೆ ನೀರನ್ನು ಮಾತ್ರ ಸಾಯುವ ತನಕ ನೆನೆಯುತ್ತಾರೆ.

ಬರ್ನಡೀನ್ ಪಟ್ಟಣದ ವಕೀಲನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. ವಕೀಲ ಕಂಪನಿಯ ಹೆಸರು ಕೇಳಿದವನೇ ನಿಟ್ಟುಸಿರುಬಿಟ್ಟ. “ಅದು ಬುಡಕಟ್ಟಿನ ಕಂಪನಿ ಕಣಮ್ಮಾ. ಒಂದು ರಾಷ್ಟ್ರ ಇದ್ದ ಹಾಗೆ. ರಾಜ್ಯದ ಕೋರ್ಟು ಅವರನ್ನ ಮುಟ್ಟೋ ಹಾಗಿಲ್ಲ.”

ಆರ್ಡಿತ್‌ಳ ಬೆನ್ನು ತಾನಾಗಿ ನೆಟ್ಟಗಾಯಿತು. ಅವಳ ಮುತ್ತಜ್ಜಂದಿರು ಕುದುರೆಯ ಮೇಲೆ ಕಾದಾಡಿ ಉಳಿಸಿಕೊಂಡ ಮಾತು ಅದು, ‘ರಾಷ್ಟ್ರ’. ನೂರು ವರ್ಷ ಯಾರಿಗೂ ಒಡೆಯಲಾಗದ ಗೋಡೆ. ಅದರ ಹೊರಬದಿಯಲ್ಲಿ ನಿಂತು ನೋಡಿದಾಗ ಎಷ್ಟು ಎತ್ತರ ಅನ್ನುವುದು ಅವಳಿಗೆ ಆವತ್ತೇ ಗೊತ್ತಾದದ್ದು.

“ಯಾವ ಬುಡಕಟ್ಟು ಸ್ವಾಮಿ?” ಎಂದು ಕೇಳಿದಳು ಆರ್ಡಿತ್.

“ನಿಮ್ಮದೇ.”

ಕುಲದ ಕಚೇರಿಯ ಹಿಂದೆ, ಹಳೆಯ ಕುರ್ಚಿಗಳನ್ನು ಪೇರಿಸಿಡುವ ಕೋಣೆಯಲ್ಲಿ ಕಂಪನಿ ಇತ್ತು. ಅದರ ಮುಖ್ಯಸ್ಥೆ ಮ್ಯಾಕ್ಸೀನ್ ಆರ್ಡಿತ್‌ಳ ಜೊತೆ ಶಾಲೆಗೆ ಹೋದವಳು. ವಿಷಯ ಕೇಳಿ ಅವಳು ಎದ್ದೇ ನಿಂತಳು.

“ನಮ್ಮವರಿಗೆ ನಾವು ಸಾಲ ಕೊಡೋದೇ ಇಲ್ಲ ಕಣೇ! ಅಷ್ಟು ಬಡ್ಡಿಗೆ ಸ್ವಂತ ಜನಕ್ಕೆ ಕೊಡೋದುಂಟಾ? ಇದು ಹೊರಗಿನವರಿಗೆ.”

“ಹೊರಗಿನವರಿಗೆ ಹೊಟ್ಟೆ ಇಲ್ವಾ?” ಎಂದಳು ಬರ್ನಡೀನ್.

ಮ್ಯಾಕ್ಸೀನ್ ಕಿಟಕಿಯ ಕಡೆ ತಿರುಗಿದಳು. “ಆಸ್ಪತ್ರೆ ಛಾವಣಿ ಸೋರ್ತಿತ್ತು. ನೂರು ಬಂದರೆ ನಮಗೆ ಎರಡು. ಮಿಕ್ಕಿದ್ದು ಕಾನ್ಸಸ್‌ನಲ್ಲಿ ನಮ್ಮ ಹೆಸರಲ್ಲಿ ಬಂಡವಾಳ ಹೂಡಿದವನು ಯಾವನೋ ಇದಾನೆ, ಅವನಿಗೆ. ನಾನೂ ಮುಖ ನೋಡಿಲ್ಲ. ಅದಿರಲಿ, ನೀನು ಹೇಗೆ ನುಸುಳಿದೆ?”

“ಒಮಾಹಾ ನಗರದಲ್ಲಿರೋ ಮಗಳ ವಿಳಾಸ ಕೊಟ್ಟೆ. ನಮ್ಮಲ್ಲಿಗೆ ಟಪಾಲು ಸರಿಯಾಗಿ ಬರಲ್ಲವಲ್ಲ.”

ಯಾವುದೋ ನಗರದ ಅಡುಗೆಮನೆಯಲ್ಲಿ ತನ್ನಂತೆಯೇ ಮೊಬೈಲ್ ಹಿಡಿದು ಕೂತ ಹೆಂಗಸೊಬ್ಬಳು ಆರ್ಡಿತ್‌ಳ ಕಣ್ಣಮುಂದೆ ಬಂದಳು. ಅವಳಿಗೆ ಜೊತೆಗೆ ಓದಿದ ಮ್ಯಾಕ್ಸೀನ್ ಇಲ್ಲ. ಆರ್ಡಿತ್ ಏನೋ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಮ್ಯಾಕ್ಸೀನ್ ಫೋನೆತ್ತಿ ಸಾಲ ರದ್ದು ಮಾಡಿಸಿ, “ಮಾಂಸದ ಚಿಂತೆ ಬಿಡು, ಕುಲದ ಕಾಡೆಮ್ಮೆ ಮಂದೆಯದು ಕಳಿಸ್ತೀನಿ” ಎಂದಳು. ಆರ್ಡಿತ್ ಸಾರಿನ ಪಾತ್ರೆ ತೊಳೆಯಲು ಮನೆಗೆ ಹೊರಟಳು.

ಮಧ್ಯಾಹ್ನ ಸಾರಿನ ಘಮಕ್ಕೆ ನಾಯಿಗಳೂ ಶಿಸ್ತಾಗಿ ಕೂತವು. ಕೈಲಾಗೆ ಹೆಸರಾಯಿತು. ಕಂಬಳಿಗಳೆಲ್ಲ ಖಾಲಿಯಾದವು. ಆರ್ಡಿತ್ ಹತ್ತಿಯಷ್ಟು ಹಗುರಾಗಿ ಕೂರಲು ಹೋದಾಗ ಮ್ಯಾಕ್ಸೀನ್ ಮೈಕು ಹಿಡಿದಳು.

“ಕುಲದ ಕಂಪನಿಯಿಂದ ನಮ್ಮ ಹೆಣ್ಣುಮಗಳೊಬ್ಬಳಿಗೆ ಅನ್ಯಾಯ ಆಯ್ತು. ಬೈಯದೆ, ಕಿರುಚದೆ, ನಮ್ಮ ಬಾಗಿಲಿಗೆ ಬಂದು ಕೇಳಿದಳು. ಇಡೀ ಕುಲದ ಪರವಾಗಿ ಅವಳಿಗೆ ಗೌರವ!”

ಡೋಲು ಮೊಳಗಿತು. ಮುದುಕರು ಟೋಪಿ ತೆಗೆದು ಎದ್ದು ನಿಂತರು. ಹಾಡು ಬಯಲನ್ನು ದಾಟಿ ಆಕಾಶಕ್ಕೆ ತಾಗಿದಂತೆ ಅನ್ನಿಸಿ ಆರ್ಡಿತ್‌ಳ ರೋಮ ನಿಮಿರಿದವು. ಇಷ್ಟು ವರ್ಷ ಎಲ್ಲರ ಹಿಂದೆ ತಟ್ಟೆ ತೊಳೆದವಳಿಗಾಗಿ ಇಡೀ ಕುಲವೇ ಹಾಡುತ್ತಿತ್ತು. ಕೈ ಕುಲುಕಲು ಸಾಲು ಬೆಳೆಯಿತು. ಅವಳು ಬಿಕ್ಕಿ ಬಿಕ್ಕಿ ಅತ್ತಳು.

“ಬೇಗ ಅತ್ತು ಮುಗಿಸೇ,” ಬರ್ನಡೀನ್ ಕಿವಿಯಲ್ಲಿ ಉಸುರಿದಳು. “ಎಲ್ಲರೂ ನನ್ನ ಕೇಳ್ತಿದಾರೆ.”

“ಏನಂತೆ?”

“ಸನ್ಮಾನ ಆಯ್ತಲ್ಲ ನಿಂಗೆ, ಅದೂ ಇಡೀ ಕುಲದಿಂದ. ನೀನು ಇಡೀ ಕುಲಕ್ಕೆ ಕಂಬಳಿ ಹಂಚೋದು ಯಾವಾಗ ಅಂತ.”

ಡೋಲು ಇನ್ನೂ ಜೋರಾಯಿತು. ಸಾಲಿನಲ್ಲಿ ಮುಂದಿದ್ದ ಮುದುಕ ಎರಡೂ ಕೈಗಳಿಂದ ಅವಳ ಕೈ ಹಿಡಿದು, “ನಿನ್ನಂಥವಳು ಕುಲಕ್ಕೊಬ್ಬಳೇ, ತಾಯಿ,” ಎಂದ. ಆರ್ಡಿತ್ ಕಣ್ಣೊರೆಸಿಕೊಂಡು, ಸಾಲಿನ ತುದಿಯವರೆಗೆ ತಲೆ ಎಣಿಸಿ, ‘ಧನ್ಯವಾದ’ ಎನ್ನುವ ಬದಲು “ನಲವತ್ತೊಂದು” ಎಂದಳು.