ಹಲ್ಲಿನ ಡಾಕ್ಟರ ಹೆಲಿಕಾಪ್ಟರು

ಎಲ್ಲ ಬಿಗಿದಾದ ಮೇಲೆ ಒಂದು ಬೋಲ್ಟು ಉಳಿಯಿತು.

ಕುರ್ಚಿಯೋ ಕಪಾಟೋ ಆಗಿದ್ದರೆ ಹಲ್ಲಿನ ಡಾಕ್ಟರು ಅದನ್ನು ಕಿಟಕಿಯಾಚೆ ಎಸೆದು ಕೈ ತೊಳೆದುಕೊಳ್ಳುತ್ತಿದ್ದರು. ಆದರೆ ಇದು ಹೆಲಿಕಾಪ್ಟರು. ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ತರಿಸಿ, ಏಳು ವರ್ಷ ಕಾರ್ ಶೆಡ್ಡಿನಲ್ಲಿ ತಾವೇ ಕೂತು ಜೋಡಿಸಿದ, ಒಬ್ಬರೇ ಕೂರುವ ಹೆಲಿಕಾಪ್ಟರು. ಮಧ್ಯಾಹ್ನ ವಿಮಾನ ಇಲಾಖೆಯ ಇನ್ಸ್‌ಪೆಕ್ಟರು ಬರುವವರಿದ್ದರು. ಅವರು ಹೂಂ ಅಂದರೆ ಡಾಕ್ಟರು ಆಕಾಶಕ್ಕೆ, ಊಹೂಂ ಅಂದರೆ ಹೆಲಿಕಾಪ್ಟರು ಗುಜರಿಗೆ. ಇದು ಹೆಂಡತಿಯ ತೀರ್ಪು. ಆಕೆ ಮಾತಿಗೆ ತಪ್ಪುವವಳಲ್ಲ. ಕರೆಸಿದ್ದ ಗುಜರಿಯವನು ಬೆಳಿಗ್ಗೆಯೇ ಬಂದು, ಕಾಂಪೌಂಡ್ ಗೋಡೆಯ ಮೇಲೆ ಕೂತು, ಹೆಲಿಕಾಪ್ಟರಿನ ಬಾಲವನ್ನು ಕಣ್ಣಲ್ಲೇ ತೂಗುತ್ತಿದ್ದ.

"ಏನದು ಡಾಕ್ಟ್ರೇ, ಕೈಲಿ?" ಎದುರು ಮನೆಯ ಪೋಸ್ಟ್‌ಮಾಸ್ತರರು ಇಣುಕಿದರು.

"ಬೋಲ್ಟು. ಎಲ್ಲಿದೂಂತ ಗೊತ್ತಾಗ್ತಿಲ್ಲ."

ಹೇಳಬಾರದಿತ್ತು. ಸ್ವಲ್ಪ ಹೊತ್ತಿಗೆಲ್ಲ ಬೀದಿಗೆ ಬೀದಿಯೇ ಶೆಡ್ಡಿನೊಳಗಿತ್ತು.

ಅವರೆಲ್ಲ ಬರೀ ನೆರೆಯವರಲ್ಲ, ಡಾಕ್ಟರ ಪೇಷೆಂಟುಗಳು. ಡಾಕ್ಟರದೊಂದು ಪದ್ಧತಿಯಿತ್ತು. ಪೇಷೆಂಟಿನ ಬಾಯಿ ಅಗಲಿಸಿ, ಹತ್ತಿ ತುರುಕಿ, ಇನ್ನು ಇವರು ಎದ್ದು ಓಡುವಂತಿಲ್ಲ ಎಂದು ಖಾತ್ರಿಯಾದ ಮೇಲೆ ಹೆಲಿಕಾಪ್ಟರಿನ ಕತೆ ಶುರುಮಾಡುತ್ತಿದ್ದರು. ಪಕ್ಕದಲ್ಲಿ ಹೆಂಡತಿ ಎಂಜಲು ಹೀರುವ ಪೈಪು ಹಿಡಿದು ನಿಂತಿರುತ್ತಿದ್ದಳು. ಯಾವುದೋ ದೇಶದ ನಿವೃತ್ತ ಇಂಜಿನಿಯರೊಬ್ಬ ಹಿತ್ತಿಲಲ್ಲೇ ಹೆಲಿಕಾಪ್ಟರು ಕಟ್ಟಲು ಹೊರಟದ್ದು, ಮೊದಲನೆಯದು ನೆಲ ಬಿಡದೆ ಮಾವನ ಕೋಳಿಗೂಡು ಕೆಡವಿದ್ದು, ಎರಡನೆಯದು ಮೇಲೇನೋ ಹೋಗಿ ಇಳಿಯಲು ಒಪ್ಪದೆ ಸತಾಯಿಸಿದ್ದು, ಮೂರನೆಯದು ಹದಕ್ಕೆ ಬಂದು, ಮನೆಯಲ್ಲೇ ಜೋಡಿಸಿಕೊಳ್ಳಿ ಎಂದು ಪೆಟ್ಟಿಗೆಗಳಲ್ಲಿ ತುಂಬಿ ಮಾರತೊಡಗಿದ್ದು, ಎಲ್ಲವೂ ಒಂದೊಂದು ಹಲ್ಲಿನ ಜೊತೆ ಹೊರಬರುತ್ತಿತ್ತು. ಹೀಗಾಗಿ ಆ ಬೀದಿಯಲ್ಲಿ ಯಾರಿಗೆ ಎಷ್ಟು ಹಲ್ಲು ಕೆಟ್ಟಿತ್ತೋ ಅವರಿಗೆ ಅಷ್ಟು ಹೆಲಿಕಾಪ್ಟರು ಗೊತ್ತಿತ್ತು.

"ಇದು ಬಾಲದ ಫ್ಯಾನಿಂದು," ಅಂದರು ಪೋಸ್ಟ್‌ಮಾಸ್ತರರು. "ಮೇಲಿನ ರೆಕ್ಕೆ ಒಂದು ಕಡೆ ತಿರುಗಿದ್ರೆ ಮೈ ಇನ್ನೊಂದು ಕಡೆ ತಿರುಗತ್ತೆ. ಅದನ್ನ ತಡೆಯೋಕೇ ಬಾಲದಲ್ಲಿ ಫ್ಯಾನು. ನನ್ನ ದವಡೆ ಹಲ್ಲು ಕೀಳುವಾಗ ನೀವೇ ಹೇಳಿದ್ರಿ."

"ಸುಮ್ನಿರಿ ಸಾರ್, ಒಂದು ಹಲ್ಲು ಕೀಳಿಸ್ಕೊಂಡು ಮಾತಾಡ್ಬೇಡಿ," ಎಂದ ಮೂಲೆ ಬೇಕರಿಯವನು. "ನಂದು ಮೂರು ರೂಟ್ ಕೆನಾಲ್ ಆಗಿದೆ. ಇದು ಗೇರ್‌ಬಾಕ್ಸಿಂದು."

ಇಬ್ಬರೂ ಸ್ಪ್ಯಾನರು ಹಿಡಿದರು. ಬಾಲದ ಫ್ಯಾನು ಕೆಳಗೆ ಬಂತು, ಗೇರ್‌ಬಾಕ್ಸಿನ ಮುಚ್ಚಳ ತೆರೆದುಕೊಂಡಿತು. ಎರಡು ಕಡೆಯೂ ಬೋಲ್ಟಿಗೆ ಜಾಗವಿರಲಿಲ್ಲ. ಅಷ್ಟರಲ್ಲಿ ನಿವೃತ್ತ ಹೆಡ್‌ಮೇಡಂ ಬಂದರು. ಎಲ್ಲರೂ ದಾರಿ ಬಿಟ್ಟರು. ಅವರು ಪೂರ್ತಿ ಹಲ್ಲಿನ ಸೆಟ್ಟೇ ಕಟ್ಟಿಸಿಕೊಂಡವರು. ಅವರ ಮುಂದೆ ಬಾಯಿ ತೆರೆಯುವ ಯೋಗ್ಯತೆ ಅಲ್ಲಿ ಯಾರಿಗೂ ಇರಲಿಲ್ಲ.

"ಎಲ್ಲಾ ಬಿಚ್ಚಿ," ಅಂದರು ಹೆಡ್‌ಮೇಡಂ.

"ಅಯ್ಯೋ, ಬೇಡ್ರಪ್ಪಾ!" ಡಾಕ್ಟರು ಒಂದು ಕೈ ಹಿಡಿದರೆ ಇನ್ನೆರಡು ಕೈ ಬಿಚ್ಚುತ್ತಿದ್ದವು. ಬಾಗಿಲು, ಬೆಲ್ಟು, ಇಂಜಿನ್ನಿನ ಹೊದಿಕೆ ಸಾಲಾಗಿ ನೆಲಕ್ಕೆ ಬಂದವು. ಹೆಂಡತಿ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಳು.

"ಒಳ್ಳೇದೇ ಆಯ್ತು ಬಿಡ್ರೀ. ಗುಜರಿಯವನಿಗೆ ಹೊರೋಕೆ ಸುಲಭ."

ಆಕೆಯ ಬೆನ್ನ ಹಿಂದೆಯೇ ಇನ್ಸ್‌ಪೆಕ್ಟರು ನಿಂತಿದ್ದರು. ಡಾಕ್ಟರು ಇಷ್ಟು ವರ್ಷ ಕಂಡ ಕನಸು ನೆಲದ ಮೇಲೆ ಹರಡಿಕೊಂಡು ಬಿದ್ದಿತ್ತು. ಅವರಿಗೆ ನಿಜಕ್ಕೂ ಅಳು ಬಂತು.

"ಭೇಷ್," ಅಂದರು ಇನ್ಸ್‌ಪೆಕ್ಟರು. "ಎಲ್ಲಾ ತೆಗೆದೇ ಇಟ್ಟಿದೀರಿ. ಬೇರೆ ಕಡೆ ಬಿಚ್ಚಿಸಿ ಒಳಗೆ ನೋಡೋ ಹೊತ್ತಿಗೆ ಕತ್ತಲಾಗಿಬಿಡತ್ತೆ." ಟಾರ್ಚು ಹಾಕಿ ಮೂಲೆಮೂಲೆ ನೋಡಿದರು. "ಕೆಲಸ ಬಹಳ ಅಚ್ಚುಕಟ್ಟು ಸಾರ್."

ಡಾಕ್ಟರು ಬೋಲ್ಟು ಚಾಚಿದರು.

"ಇದಾ? ಇದು ಸಾಮಾನು ಬಂದ ಪೆಟ್ಟಿಗೆ ಮುಚ್ಚಳದ್ದು. ನಾನು ಹೋದ ಕಡೆಯೆಲ್ಲ ಇದನ್ನ ಹಿಡ್ಕೊಂಡು ಯಾರಾದ್ರೂ ಒಬ್ರು ಬೆವರ್ತಾ ಇರ್ತಾರೆ."

ಬೀದಿಯೆಲ್ಲ ಚಪ್ಪಾಳೆ ಹೊಡೆಯಿತು. ಬಿಚ್ಚಿದವರೇ ಸೇರಿ ಮತ್ತೆ ಬಿಗಿದರು, ಇನ್ಸ್‌ಪೆಕ್ಟರು ಪ್ರತಿಯೊಂದನ್ನೂ ಜಗ್ಗಿ ನೋಡಿದರು. ಗುಜರಿಯವನು ಗೋಡೆ ಇಳಿದು, ಯಾರ ಮುಖವನ್ನೂ ನೋಡದೆ ಹೊರಟುಹೋದ. ಡಾಕ್ಟರಿಗೆ ಆಗಲೇ ಮೋಡ ಮುಟ್ಟಿದಷ್ಟು ಖುಷಿ.

"ಇನ್ನೊಂದೇ ಬಾಕಿ," ಅಂದರು ಇನ್ಸ್‌ಪೆಕ್ಟರು. "ಹಾರೋರ ತೂಕ."

ಡಾಕ್ಟರು ಒಂದೊಂದು ನಟ್ಟನ್ನೂ ತೂಗಿ ಜೋಡಿಸಿದ್ದರು. ಭಾರವಾದೀತೆಂದು ಎರಡನೇ ಸಲ ಬಣ್ಣ ಹೊಡೆದಿರಲಿಲ್ಲ. ಇಷ್ಟು ವರ್ಷದಲ್ಲಿ ತೂಗದೆ ಉಳಿದ ಭಾಗ ಒಂದೇ, ಅವರು. ಹಾರುವವರು ಎಂಬತ್ತು ಕಿಲೋ ಮೀರಬಾರದು. ಇನ್ಸ್‌ಪೆಕ್ಟರು ತಂದಿದ್ದ ತಕ್ಕಡಿ ಹತ್ತಿ ನಿಂತರೆ ಮುಳ್ಳು ತೊಂಬತ್ತೆಂಟು ತೋರಿಸಿತು. ಶೂ ಬಿಚ್ಚಿದರು, ವಾಚು ಬಿಚ್ಚಿದರು, ಕನ್ನಡಕವನ್ನೂ ತೆಗೆದರು. ಮುಳ್ಳು ಜಪ್ಪಯ್ಯ ಅನ್ನಲಿಲ್ಲ.

"ಮೆಷಿನ್ ಪಾಸು, ನೀವು ಫೇಲು," ಅಂದರು ಇನ್ಸ್‌ಪೆಕ್ಟರು. "ಹಾರೋಕೆ ಕಲಿಯೋರು ಯಾರು ಅಂತ ಇವತ್ತೇ ಬರ್ಕೋಬೇಕು. ಇಲ್ಲಾಂದ್ರೆ ಪರ್ಮಿಷನ್ ಇಲ್ಲ."

ಪೋಸ್ಟ್‌ಮಾಸ್ತರರಿಗೆ ತಕ್ಷಣ ಬಿ.ಪಿ. ನೆನಪಾಯಿತು. ಬೇಕರಿಯವನು ತನ್ನ ಹೊಟ್ಟೆ ನೋಡಿಕೊಂಡು ಹಿಂದೆ ಸರಿದ. ಹೆಡ್‌ಮೇಡಂ ಸೀರೆಯ ನೆರಿಗೆ ಸರಿಮಾಡಿಕೊಳ್ಳತೊಡಗಿದರು. ಆಗ ಯಾರೋ ಚಪ್ಪಲಿ ಬಿಟ್ಟು ತಕ್ಕಡಿ ಹತ್ತಿದ ಸದ್ದಾಯಿತು.

ಐವತ್ತನಾಲ್ಕು.

"ನೀನಾ?" ಅಂದರು ಡಾಕ್ಟರು.

"ಮತ್ತಿನ್ಯಾರು? ಪೈಪು ಹಿಡ್ಕೊಂಡು ಈ ಬೀದಿಯ ಎಲ್ಲಾ ಹಲ್ಲಿನ ಪಾಠಾನೂ ಕೇಳಿರೋಳು ನಾನೊಬ್ಳೇ. ಬರ್ಕೊಳ್ಳಿ ಸಾರ್."

ಇನ್ಸ್‌ಪೆಕ್ಟರು ಬರೆದುಕೊಂಡರು. ಆಕೆ ಸೀರೆ ಸೆರಗು ಸಿಕ್ಕಿಸಿ ಸೀಟಿನಲ್ಲಿ ಕೂತು, ಹೆಲಿಕಾಪ್ಟರು ನಡೆಸುವ ಕಡ್ಡಿ ಹಿಡಿದು ಎಡಕ್ಕೆ ಬಲಕ್ಕೆ ಆಡಿಸಿದಳು. ಆಕೆಯ ಮುಖದಲ್ಲಿ ಅಂಥ ನಗುವನ್ನು ಡಾಕ್ಟರು ಮದುವೆಯಲ್ಲೂ ಕಂಡಿರಲಿಲ್ಲ.

"ನಾನು ತೂಕ ಇಳಿಸೋವರೆಗೆ ಮಾತ್ರ ತಾನೇ?" ಅವರು ಮೆಲ್ಲಗೆ ಕೇಳಿದರು. "ನಾಳೆಯಿಂದ ಊಟ ಅರ್ಧ ಮಾಡ್ತೀನಿ."

"ಯಾಕ್ರೀ ಮೈ ದಂಡಿಸ್ತೀರಿ? ಹಿಂಗೇ ಎಷ್ಟು ಲಕ್ಷಣವಾಗಿದೀರಿ," ಎಂದು ಆಕೆ ಅಕ್ಕರೆಯಿಂದ ಅಂದು, ಬೇಕರಿಯವನ ಕಡೆ ತಿರುಗಿದಳು. "ಅಣ್ಣಾ, ನಾಳೆಯಿಂದ ಇವರಿಗೆ ದಿನಾ ಎರಡು ಕೇಕ್ ಕಳ್ಸು. ಕ್ರೀಮ್ ಜಾಸ್ತಿ ಇರ್ಲಿ."